ಗುರ್ಲಾಪುರಕ್ಕೂ ಒಂದು ಲಾವಣಿ ಬೇಕು

ಹಲಗಲಿ ನಮ್ಮ ಮೂಡಲಗಿಗೆ ಪರಸ್ಥಳವಲ್ಲ, ಮಗ್ಗುಲಿನ ಮುಧೋಳ ಸೀಮೆಯ ಊರು. 1857ರಲ್ಲಿ ಹತಾರ ಒಪ್ಪಿಸಿರೆಂಬ ಕಂಪನಿ ಸರ್ಕಾರದ ಹುಕುಮಿಗೆ ಅಲ್ಲಿನ ಬೇಡರು ಮಣಿಯಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರು ಗಲ್ಲಿಗೇರಿದರು. ಸರ್ಕಾರದ ಕಾಗದಕ್ಕೆ ಅದು ಅಡಗಿಸಿದ ಒಂದು ದಂಗೆ, ಅಷ್ಟೇ. ಕುರ್ತಕೋಟಿ ಕಲ್ಮೇಶನ ಅಂಕಿತದ ಲಾವಣಿ ಮಾತ್ರ ಜಡಗ, ಬಾಲ, ಹನುಮ, ರಾಮರನ್ನು ಹೆಸರು ಹಿಡಿದು ಕರೆಯುತ್ತದೆ. ದಂಡು ದೋಚಿದ್ದನ್ನೂ ಒಂದೊಂದಾಗಿ ಎಣಿಸುತ್ತದೆ: ಕೊಡಲಿ, ಬೆಣ್ಣೆ, ಉಪ್ಪು, ಬೀಸುವ ಕಲ್ಲು, ಕಡೆಗೆ ಮಂಗಳಸೂತ್ರ. ಯಾವ ವರದಿಯೂ ಇಡದ ಲೆಕ್ಕ ಅದು.

ಪ್ಯಾಲೆಸ್ಟೀನಿನ ರ‍್ಯಾಪ್ ಹಾಡುಗಾರರು ಮಾಡುತ್ತಿರುವುದೂ ಹಾಡಿನಲ್ಲಿ ಲೆಕ್ಕ ಇಡುವ ಈ ಕೆಲಸವನ್ನೇ. ಇಸ್ರೇಲಿನ ಲೋದ್ ಪಟ್ಟಣದಲ್ಲಿ 1948ರಲ್ಲಿ ಅರಬರ ಬಹುಪಾಲು ಜನರನ್ನು ಹೊರದಬ್ಬಲಾಯಿತು. ಉಳಿದವರ ಮೊಮ್ಮಕ್ಕಳ ಕಾಲದಲ್ಲಿ, ತಾಮರ್ ನಫಾರ್ ಮತ್ತು ಗೆಳೆಯರು ‘ದಾಮ್’ ತಂಡ ಕಟ್ಟಿದರು. ಭಯೋತ್ಪಾದಕ ಯಾರು ಎಂದು ಕೇಳುವ ಅವರ 2001ರ ಹಾಡು ಇಂಟರ್ನೆಟ್ಟಿನಲ್ಲಿ ಲಕ್ಷಾಂತರ ಜನರನ್ನು ತಲುಪಿತು. ಪರವಾನಗಿ ಸಿಗದ ಮನೆ, ಕೆಡವಲು ಬರುವ ಬುಲ್ಡೋಜರ್ ಅವರ ಹಾಡಿನ ವಸ್ತು. ವಾದ್ಯ ಕಡಿಮೆ, ಮಾತಿನದೇ ಭಾರ. ದಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲ್-ಜವಾಬ್ ನಡೆಸುವ ಹರದೇಶಿ-ನಾಗೇಶಿ ಲಾವಣಿ ಮೇಳ ಕೇಳಿದವರಿಗೆ ಈ ಬಗೆ ಹೊಸದೆನಿಸದು.

ಆಳುವವರನ್ನು ಹಾಡಿನಲ್ಲೇ ಪ್ರಶ್ನಿಸುವುದು ಈ ಮಣ್ಣಿನ ರೂಢಿ. ಇನ್‌ಕಂ ಟ್ಯಾಕ್ಸನ್ನು ಬ್ರಿಟಿಷರು ಹೇರಿದ್ದಕ್ಕೂ ಲಾವಣಿ ಹುಟ್ಟಿತ್ತು. ಅದನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಅಚ್ಚು ಮಾಡಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ.

2025ರ ಅಕ್ಟೋಬರ್ ಕೊನೆಗೆ ನಮ್ಮದೇ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕುಳಿತರು. ನವೆಂಬರ್ ಮೊದಲ ವಾರದಲ್ಲಿ ಸರ್ಕಾರ ದರವನ್ನು 3,300ಕ್ಕೆ ನಿಲ್ಲಿಸಿತು. ಪತ್ರಿಕೆಗಳಲ್ಲಿ ಉಳಿಯುವುದು ಈ ಎರಡು ಅಂಕಿ. ಕಾರ್ಖಾನೆ ಕಾಟಾದ ತೂಕದ ಮೇಲಿನ ಅನುಮಾನ, ರೈತನ ಕಣ್ಣಿಗೆ ಕಾಣದ ಸಕ್ಕರೆ ರಿಕವರಿ ಲೆಕ್ಕ, ತಡವಾಗುವ ಬಿಲ್ಲು, ಕೂಸು ಕಟ್ಟಿಕೊಂಡು ಕಬ್ಬು ಕಡಿಯಲು ಬರುವ ಗ್ಯಾಂಗು, ಇವೆಲ್ಲ ಉಳಿಯಬೇಕಾದರೆ ಹಾಡೇ ಬೇಕು.

ಗೋಕಾಕ, ಹುಕ್ಕೇರಿ, ಮೂಡಲಗಿಯ ಹಾದಿಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಜಾನಪದ ಹಾಡು ಮೊಳಗಿಸುತ್ತ ಸಾಗುತ್ತವೆ. ಆ ಹಾಡು ಕಟ್ಟುವ ತಮ್ಮಂದಿರಲ್ಲಿ ನಮ್ಮ ವಿನಂತಿ: ಪ್ರೀತಿಯ ಹಾಡು ಬಿಡಬೇಡಿ, ಗುರ್ಲಾಪುರದ ಹಾಡನ್ನೂ ಕಟ್ಟಿ. ಧರಣಿ ಕುಳಿತವರ ಹೆಸರು ಹಾಕಿ, ದರ ಹಾಕಿ, ಬಾಕಿಯ ಲೆಕ್ಕವನ್ನೂ ಹಾಕಿ.