ಬೆಂಗಳೂರಿನ ಆಫೀಸುಗಳೆಲ್ಲ ಖಾಲಿಯೇ? ರಾಜಾಜಿನಗರದಲ್ಲಿ ಆಫೀಸ್ ಕೊಂಡರೆ ಬಾಡಿಗೆ ಗ್ಯಾರಂಟಿಯೇ?

ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಐಟಿ ಕಂಪನಿಗಳು ಊರು ಬಿಡುತ್ತಿವೆ, ಬೆಂಗಳೂರಿನ ಆಫೀಸುಗಳೆಲ್ಲ ಖಾಲಿ ಎನ್ನುತ್ತದೆ ಒಂದು. ಆಫೀಸ್ ಬಾಡಿಗೆಯಲ್ಲಿ ಬೆಂಗಳೂರು ದೇಶಕ್ಕೇ ಮೊದಲು, ಮೆಟ್ರೋ ಪಕ್ಕ ಒಂದು ಆಫೀಸ್ ಕೊಂಡರೆ ತಿಂಗಳು ತಿಂಗಳು ಗ್ಯಾರಂಟಿ ಬಾಡಿಗೆ ಎನ್ನುತ್ತದೆ ಇನ್ನೊಂದು. ಮೊದಲನೆಯದನ್ನು ನಂಬಿದವರು ಗಾಬರಿಯಿಂದ ಕೈಯಲ್ಲಿರುವ ಜಾಗವನ್ನು ಅಗ್ಗಕ್ಕೆ ಮಾರಬಹುದು. ಎರಡನೆಯದನ್ನು ನಂಬಿದವರು ನಿವೃತ್ತಿಯ ದುಡ್ಡನ್ನೆಲ್ಲ ಒಂದೇ ಕಡೆ ಸುರಿಯಬಹುದು. ಹಾಗಾಗಿ ಫಾರ್ವರ್ಡ್ ಮಾಡುವ ಮೊದಲು, ಈ ಅಂಕಿಗಳು ಏನನ್ನು ಹೇಳುತ್ತವೆ ಎಂದು ನೋಡೋಣ.

ಆಫೀಸುಗಳು ನಿಜವಾಗಿಯೂ ಖಾಲಿ ಇವೆಯೇ?

ಕೋವಿಡ್ ನಂತರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕಚೇರಿ ಜಾಗದ ಮೂರನೇ ಒಂದು ಭಾಗದಷ್ಟು ಖಾಲಿ ಬಿದ್ದದ್ದು ನಿಜ. ಬೆಂಗಳೂರಿನ ಕಥೆ ಬೇರೆ. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆಯುವ ಕೇಂದ್ರಗಳಿಗೆ ಜಿಸಿಸಿ ಎನ್ನುತ್ತಾರೆ. ದೇಶದಲ್ಲಿ ಇಂಥವು 1,700ಕ್ಕೂ ಹೆಚ್ಚು ಇದ್ದು, ಬೇರೆ ಯಾವ ನಗರಕ್ಕಿಂತಲೂ ಹೆಚ್ಚು ಇರುವುದು ಬೆಂಗಳೂರಿನಲ್ಲೇ. ಆಫೀಸ್ ಜಾಗ ಬಾಡಿಗೆಗೆ ಹೋಗುವುದರಲ್ಲೂ ನಮ್ಮ ನಗರ ದೇಶದ ಮುಂಚೂಣಿಯಲ್ಲಿದೆ.

ಹಾಗಾದರೆ ಎರಡನೇ ಸಂದೇಶವೇ ಸರಿಯೇ? ಅಲ್ಲೂ ಎಚ್ಚರ ಬೇಕು. ಪತ್ರಿಕೆಗಳಲ್ಲಿ ಬರುವ ಅಂಕಿಗಳು ಹೆಚ್ಚಾಗಿ 'ಗ್ರೇಡ್ ಎ' ಕಟ್ಟಡಗಳದ್ದು. ಅಂದರೆ ದೊಡ್ಡ ದೊಡ್ಡ ಮಹಡಿ, ಜನರೇಟರ್, ಲಿಫ್ಟ್, ಪಾರ್ಕಿಂಗ್ ಎಲ್ಲ ಇರುವ ಟೆಕ್ ಪಾರ್ಕ್‌ಗಳು. ಇವುಗಳಲ್ಲಿ ಬಹುಪಾಲು ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್ ಮತ್ತು ಉತ್ತರ ಬೆಂಗಳೂರಿನಲ್ಲಿವೆ. ಬಸವೇಶ್ವರನಗರದ ಮುಖ್ಯರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿರುವ 600 ಚದರ ಅಡಿಯ ಆಡಿಟರ್ ಕಚೇರಿ ಆ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದೇ ಇಲ್ಲ.

ಪಶ್ಚಿಮ ಬೆಂಗಳೂರು ಯಾಕೆ ಬೇರೆ?

ಟೆಕ್ ಪಾರ್ಕ್ ಕಟ್ಟಲು ಎಕರೆಗಟ್ಟಲೆ ಜಾಗ ಒಂದೇ ಕಡೆ ಸಿಗಬೇಕು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಟೆಕ್ ಪಾರ್ಕ್‌ಗಳು ಬರುವ ಎಷ್ಟೋ ಮೊದಲೇ ಸಣ್ಣ ಸಣ್ಣ ಸೈಟುಗಳಾಗಿ ಹಂಚಿಹೋದ ಬಡಾವಣೆಗಳು. ಇಲ್ಲಿ ದೊಡ್ಡ ಕಚೇರಿಗಳು ಬಂದದ್ದು ಎರಡು ರೀತಿಯಲ್ಲಿ. ಮೊದಲನೆಯದು, ಹಳೆಯ ಕಾರ್ಖಾನೆಯ ಜಾಗದಲ್ಲಿ. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ನೆಲದಲ್ಲೇ ಬ್ರಿಗೇಡ್ ಗೇಟ್‌ವೇ ಮತ್ತು ವರ್ಲ್ಡ್ ಟ್ರೇಡ್ ಸೆಂಟರ್ ಎದ್ದವು. ಎರಡನೆಯದು, ಊರಂಚಿನ ಬಯಲಿನಲ್ಲಿ. ಮೈಸೂರು ರಸ್ತೆಯ ಪಟ್ಟಣಗೆರೆ ಬಳಿಯ ಗ್ಲೋಬಲ್ ವಿಲೇಜ್ ಇದಕ್ಕೆ ಉದಾಹರಣೆ.

ಹೀಗೆ ದೊಡ್ಡ ಕಟ್ಟಡಗಳು ಬೆರಳೆಣಿಕೆಯಷ್ಟೇ ಇದ್ದಾಗ, ಒಬ್ಬ ಬಾಡಿಗೆದಾರ ಹೊರಟರೂ ಲೆಕ್ಕ ಏರುಪೇರಾಗುತ್ತದೆ. ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿದ್ದ ಅಮೆಜಾನ್‌ನ ಭಾರತದ ಮುಖ್ಯ ಕಚೇರಿ ವಿಮಾನ ನಿಲ್ದಾಣದ ಕಡೆಗೆ ಹೋಗುತ್ತದೆ ಎಂಬುದು 2025ರ ಆರಂಭದಲ್ಲಿ ಸುದ್ದಿಯಾಯಿತು. ಇಂಥ ಒಂದು ಸ್ಥಳಾಂತರವನ್ನೇ ಎರಡು ರೀತಿ ಬರೆಯಬಹುದು. ಉತ್ತರ ಬೆಂಗಳೂರಿಗೆ ಅದು ಭಾರೀ ಹೊಸ ಬಾಡಿಗೆ ಒಪ್ಪಂದ, ಪಶ್ಚಿಮಕ್ಕೆ ಮಹಡಿ ಮಹಡಿಯೇ ತೆರವು. ಆದರೆ ಕಂಪನಿ ಬೆಂಗಳೂರು ಬಿಟ್ಟಿಲ್ಲ.

ಅದಕ್ಕೇ 'ಒಟ್ಟು ಬಾಡಿಗೆ' ಮತ್ತು 'ನಿವ್ವಳ ಬಳಕೆ' ಎಂಬ ಎರಡು ಅಂಕಿಗಳಿವೆ. ಒಂದು ಕಂಪನಿ 10 ಲಕ್ಷ ಚದರ ಅಡಿಯ ಹೊಸ ಜಾಗ ಹಿಡಿದು, ಹಳೆಯ 8 ಲಕ್ಷ ಚದರ ಅಡಿ ಬಿಟ್ಟಿತು ಅಂದುಕೊಳ್ಳಿ. ಒಟ್ಟು ಬಾಡಿಗೆ 10 ಲಕ್ಷ, ನಿಜವಾಗಿ ಹೆಚ್ಚಿದ್ದು 2 ಲಕ್ಷ. ದಾಖಲೆ ಬಾಡಿಗೆ ಎಂಬ ಸುದ್ದಿ ಕಂಡಾಗ ಇವೆರಡರಲ್ಲಿ ಯಾವುದು ಎಂದು ಕೇಳಿಕೊಳ್ಳಬೇಕು.

ಮೆಟ್ರೋ ಬಂದರೆ ಆಫೀಸೂ ಬರುತ್ತದೆಯೇ?

ವಿಜಯನಗರಕ್ಕೆ ಮೆಟ್ರೋ ಬಂದದ್ದು 2015ರ ನವೆಂಬರ್‌ನಲ್ಲಿ, ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಲ್ಲಿ ಹತ್ತಿದವರು ರೈಲು ಬದಲಿಸದೆ ವೈಟ್‌ಫೀಲ್ಡ್‌ನಲ್ಲಿ ಇಳಿಯಬಹುದು. ಪಟ್ಟಣಗೆರೆಯ ಟೆಕ್ ಪಾರ್ಕ್‌ಗೆ ಇದರಿಂದ ಅನುಕೂಲವಾಗಿದೆ. ಆದರೆ ರೈಲು ಎರಡೂ ದಿಕ್ಕಿಗೆ ಓಡುತ್ತದೆ. ವಿಜಯನಗರದಲ್ಲಿ ಮನೆ ಮಾಡಿಕೊಂಡು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವುದು ಈಗ ಮೊದಲಿಗಿಂತ ಸುಲಭ. ಹಾಗಾಗಿ ಮೆಟ್ರೋದಿಂದ ಮನೆ ಬಾಡಿಗೆ ಏರಿದ ಕಡೆಯಲ್ಲೆಲ್ಲ ಆಫೀಸ್ ಬಾಡಿಗೆಯೂ ಅಷ್ಟೇ ಏರಬೇಕೆಂದಿಲ್ಲ.

ಹೊಸಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಕಡಬಗೆರೆವರೆಗೆ ಹೋಗುವ ಮಾರ್ಗವೂ ಸೇರಿದ ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಆಗಸ್ಟ್‌ನಲ್ಲಿ. ಒಪ್ಪಿಗೆ ಸಿಕ್ಕಿದ್ದಕ್ಕೂ ರೈಲು ಓಡುವುದಕ್ಕೂ ನಡುವೆ ವರ್ಷಗಳ ಅಂತರವಿದೆ. ಜಾಹೀರಾತಿನವರು ಆ ಅಂತರವನ್ನೂ ಬೆಲೆಗೆ ಸೇರಿಸಿಯೇ ಮಾರುತ್ತಾರೆ.

'ಗ್ಯಾರಂಟಿ ಬಾಡಿಗೆ' ಯಾರ ದುಡ್ಡು?

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. 600 ಚದರ ಅಡಿ ಆಫೀಸ್, ಬೆಲೆ 60 ಲಕ್ಷ ರೂಪಾಯಿ, ಮೂರು ವರ್ಷ ಶೇ. 12ರಷ್ಟು ಗ್ಯಾರಂಟಿ ಬಾಡಿಗೆ. ಅಂದರೆ ತಿಂಗಳಿಗೆ 60,000 ರೂಪಾಯಿ, ಮೂರು ವರ್ಷಕ್ಕೆ 21.6 ಲಕ್ಷ. ಅದೇ ರಸ್ತೆಯಲ್ಲಿ ಅಂಥದ್ದೇ ಜಾಗ 40 ಲಕ್ಷಕ್ಕೆ ಸಿಗುತ್ತಿದ್ದರೆ, ನೀವು ಹೆಚ್ಚಾಗಿ ಕೊಟ್ಟ 20 ಲಕ್ಷವೇ ಕಂತು ಕಂತಾಗಿ 'ಬಾಡಿಗೆ' ಎಂಬ ಹೆಸರಲ್ಲಿ ವಾಪಸ್ ಬರುತ್ತಿದೆ ಎಂದರ್ಥ.

ಮೂರು ವರ್ಷದ ನಂತರ? ಅಲ್ಲಿನ ನಿಜವಾದ ಬಾಡಿಗೆ ಚದರ ಅಡಿಗೆ 40 ರೂಪಾಯಿ ಇದ್ದರೆ ತಿಂಗಳಿಗೆ ಸಿಗುವುದು 24,000. ವರ್ಷಕ್ಕೆ 2.88 ಲಕ್ಷ, ಅಂದರೆ ನೀವು ಹಾಕಿದ ದುಡ್ಡಿಗೆ ಶೇ. 4.8. ಆಸ್ತಿ ತೆರಿಗೆ, ನಿರ್ವಹಣಾ ವೆಚ್ಚ, ಬಾಡಿಗೆದಾರ ಸಿಗದ ತಿಂಗಳುಗಳು ಇದರಲ್ಲೇ ಕಳೆಯಬೇಕು. ಇಂಥ ಎಲ್ಲ ಯೋಜನೆಗಳೂ ಮೋಸ ಎಂದು ನಾವು ಹೇಳುತ್ತಿಲ್ಲ. ಆದರೆ ಗ್ಯಾರಂಟಿ ಕೊಡುವವರು ಕಟ್ಟಡ ಮಾರುವವರೇ ಆಗಿದ್ದರೆ, ಅವರ ಕೈ ಬರಿದಾದ ದಿನ ಗ್ಯಾರಂಟಿಗೂ ಬೆಲೆ ಇರುವುದಿಲ್ಲ.

ದುಡ್ಡು ಕೊಡುವ ಮೊದಲು ಏನು ನೋಡಬೇಕು?

1. ರೇರಾ ನೋಂದಣಿ. 2016ರ ಕಾಯ್ದೆ ಮನೆಗಳಿಗೆ ಮಾತ್ರವಲ್ಲ, ವಾಣಿಜ್ಯ ಕಟ್ಟಡಗಳಿಗೂ ಅನ್ವಯಿಸುತ್ತದೆ. ಜಾಗ 500 ಚದರ ಮೀಟರ್ ಮೀರಿದ್ದು, ಎಂಟಕ್ಕಿಂತ ಹೆಚ್ಚು ಘಟಕಗಳಿರುವ ಹೊಸ ಯೋಜನೆಯಾದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಸಿಗಬೇಕು.

2. ಕಾರ್ಪೆಟ್ ಏರಿಯಾ. ಮೆಟ್ಟಿಲು, ಲಾಬಿ ಎಲ್ಲ ಸೇರಿಸಿದ 'ಸೂಪರ್ ಬಿಲ್ಟ್ ಅಪ್' ಲೆಕ್ಕ ಕೊಟ್ಟರೆ, ಮೇಜು ಕುರ್ಚಿ ಹಾಕುವ ಜಾಗ ಎಷ್ಟು ಎಂದು ಕೇಳಿ.

3. ಓಸಿ, ಅಂದರೆ ಕಟ್ಟಡ ನಕ್ಷೆಯಂತೆ ಮುಗಿದಿದೆ, ಬಳಸಬಹುದು ಎಂಬ ಪ್ರಮಾಣಪತ್ರ. ಇದಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ವಸತಿ ರಸ್ತೆಯಾದರೆ ಅಲ್ಲಿ ಕಚೇರಿಗೆ ಅನುಮತಿ ಇದೆಯೇ ಎಂಬುದನ್ನೂ ನೋಡಿ.

4. ಸುತ್ತಲಿನ ಬಾಡಿಗೆ. ಅದೇ ರಸ್ತೆಯ ನಾಲ್ಕು ಕಟ್ಟಡಗಳಲ್ಲಿ ವಿಚಾರಿಸಿ. 'ಬಾಡಿಗೆಗಿದೆ' ಬೋರ್ಡ್ ಎಷ್ಟು ತಿಂಗಳಿಂದ ತೂಗುತ್ತಿದೆ ಎಂದು ಕೆಳಗಿನ ಅಂಗಡಿಯವರನ್ನು ಕೇಳಿ.

5. ಹಲವರಿಂದ ಹಣ ಒಟ್ಟುಗೂಡಿಸಿ ಲಾಭ ಹಂಚುತ್ತೇವೆ ಎನ್ನುವ ಯೋಜನೆಯಾದರೆ, ಅದಕ್ಕೆ ಸೆಬಿಯ ನೋಂದಣಿ ಇದೆಯೇ ಎಂದು ಪರಿಶೀಲಿಸಿ.

ಒಟ್ಟಿನಲ್ಲಿ, ಬೆಂಗಳೂರಿನ ಆಫೀಸುಗಳೆಲ್ಲ ಖಾಲಿ ಎಂಬುದು ಸುಳ್ಳು. ಬೆಂಗಳೂರಿನಲ್ಲಿ ಬೇಡಿಕೆ ಇರುವುದರಿಂದ ರಾಜಾಜಿನಗರದಲ್ಲಿ ಬಾಡಿಗೆ ಗ್ಯಾರಂಟಿ ಎಂಬುದೂ ನಂಬುವಂಥದ್ದಲ್ಲ. ಇಂಥ ಸಂದೇಶ ಮತ್ತೆ ಬಂದರೆ, ಈ ಅಂಕಿ ಯಾವ ಪ್ರದೇಶದ್ದು, ಯಾವ ಬಗೆಯ ಕಟ್ಟಡದ್ದು ಎಂದು ಕಳಿಸಿದವರನ್ನೇ ಕೇಳಿ. ಉತ್ತರ ಬರದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.