ಕಬಡ್ಡಿಗೆ ಕೋಟಿಯೇ ಎಂದು ಕೇಳುವವರಿಗೆ

ಪ್ರೊ ಕಬಡ್ಡಿ ಲೀಗಿನ ಹರಾಜು ಮುಗಿದ ಮರುದಿನ ನಮ್ಮ ಬಳಗಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಕಬಡ್ಡಿಗೂ ಕೋಟಿಯೇ? ಕೇಳುವವರ ದನಿಯಲ್ಲಿ ಅರ್ಧ ಬೆರಗು, ಅರ್ಧ ಅಸಹನೆ. 2024ರ ನವೆಂಬರಿನಲ್ಲಿ ಲಖನೌ ತಂಡ ರಿಷಭ್ ಪಂತ್ ಅವರಿಗೆ 27 ಕೋಟಿ ರೂಪಾಯಿ ಕೊಟ್ಟಾಗ ಇದೇ ಮಂದಿ ಅದನ್ನು ಮಾರುಕಟ್ಟೆಯ ಸಹಜ ಧರ್ಮವೆಂದು ಒಪ್ಪಿಕೊಂಡರು. ಚಡ್ಡಿ ತೊಟ್ಟು, ತೊಡೆ ತಟ್ಟಿ, ಉಸಿರು ಬಿಗಿಹಿಡಿದು ಎದುರಾಳಿಯ ಅಂಗಳಕ್ಕೆ ನುಗ್ಗುವವನಿಗೆ ಅದರ ಹತ್ತನೆಯ ಒಂದು ಪಾಲು ಸಿಕ್ಕರೆ ಮಾತ್ರ ಮಾರುಕಟ್ಟೆಗೆ ಹುಚ್ಚು ಹಿಡಿದಂತೆ ಇವರಿಗೆ ಕಾಣುತ್ತದೆ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅಗ್ರ ರೇಡರನಿಗೆ ಆ ಕೋಟಿ ಸಲ್ಲಬೇಕಾದದ್ದೇ. ಅಲ್ಲಿ ಅನ್ಯಾಯವೊಂದು ನಡೆಯುತ್ತಿದೆ ಎಂಬುದೂ ನಿಜ. ಆದರೆ ಅನ್ಯಾಯ ಮಾಡುತ್ತಿರುವವನು ಆ ಆಟಗಾರನಲ್ಲ.

ಈ ಮಾತು ಮುಂಬಯಿಯ ಕನ್ನಡಿಗರಾದ ನಮಗೆ ದೂರದ್ದಲ್ಲ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಹೊರಡುವ ಮತ್ಸ್ಯಗಂಧ ರೈಲು ಯಾವ ಊರುಗಳನ್ನು ಮುಂಬಯಿಗೆ ಬೆಸೆದಿದೆಯೋ, ಆ ಊರುಗಳ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಮೊದಲು ಎಳೆಯುವ ಗೆರೆ ಕಬಡ್ಡಿಯದು. ಲೀಗ್ ಆರಂಭವಾದದ್ದು 2014ರ ಜುಲೈಯಲ್ಲಿ, ಇದೇ ಮುಂಬಯಿಯ ವರ್ಲಿಯಲ್ಲಿ. ಮರುವರ್ಷ ಇಲ್ಲಿಯೇ ನಡೆದ ಅಂತಿಮ ಪಂದ್ಯದಲ್ಲಿ ಯು ಮುಂಬಾ ತಂಡ ಬೆಂಗಳೂರು ಬುಲ್ಸ್ ತಂಡವನ್ನು 36-30ರಿಂದ ಸೋಲಿಸಿದಾಗ ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ನಮ್ಮಲ್ಲನೇಕರು ಇಬ್ಬರಿಗೂ ತಟ್ಟಿದ್ದರು. ಆ ಗೆದ್ದ ತಂಡದಲ್ಲಿ ರಿಶಾಂಕ್ ದೇವಾಡಿಗ ಇದ್ದರು: ಮುಂಬಯಿಯಲ್ಲಿ ಬೆಳೆದ ಹುಡುಗ, ಕರಾವಳಿಯನ್ನು ಕೂಗಿ ಹೇಳುವ ಹೆಸರು. 2017ರಲ್ಲಿ ಯುಪಿ ಯೋಧಾ ಪರವಾಗಿ ಒಂದೇ ಪಂದ್ಯದಲ್ಲಿ ಅವರು 28 ರೇಡ್ ಅಂಕ ಗಳಿಸಿದರು. 2018ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅವರ ನಾಯಕತ್ವದ ಮಹಾರಾಷ್ಟ್ರ ತಂಡ ಸರ್ವಿಸಸ್ ತಂಡವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ವರ್ಷದ ಹರಾಜಿನಲ್ಲಿ ಯುಪಿ ಯೋಧಾ ಅವರಿಗೆ 1 ಕೋಟಿ 11 ಲಕ್ಷ ರೂಪಾಯಿ ಕೊಟ್ಟಿತು. ಕಬಡ್ಡಿಯಲ್ಲಿ ಕೋಟಿಯ ಗಡಿ ದಾಟಿದ ಮೊದಲ ವರ್ಷ ಅದು. ಆ ಬಾರಿ ಅತ್ಯಧಿಕ ಮೊತ್ತ ಮೋನು ಗೋಯತ್ ಅವರದು, 1 ಕೋಟಿ 51 ಲಕ್ಷ. ನಾಲ್ಕು ವರ್ಷಗಳ ಹಿಂದೆ, ಮೊದಲ ಹರಾಜಿನಲ್ಲಿ, ಎಲ್ಲರಿಗಿಂತ ದುಬಾರಿಯಾದ ರಾಕೇಶ್ ಕುಮಾರ್ ಅವರಿಗೆ ಸಿಕ್ಕಿದ್ದು 12 ಲಕ್ಷ 80 ಸಾವಿರ.

ಮೊದಲ ಆಕ್ಷೇಪ ಭಾವುಕವಾದದ್ದು. ಕಬಡ್ಡಿ ಮಣ್ಣಿನ ಆಟ, ಅದನ್ನು ಪ್ರೀತಿಗಾಗಿ ಆಡಬೇಕು, ಹಣ ಬಂದರೆ ಮಣ್ಣಿನ ವಾಸನೆ ಹೋಗುತ್ತದೆ ಎಂದು ಹೇಳುತ್ತಾರೆ. ಹೀಗೆ ಹೇಳುವವರು ಸಾಮಾನ್ಯವಾಗಿ ಮಣ್ಣಿನಿಂದ ಎದ್ದು ಬಂದು ಬಹಳ ಕಾಲವಾದವರು. ತಮ್ಮ ಮಗ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೀತಿಗಾಗಿ ದುಡಿಯಲಿ ಎಂದು ಅವರು ಬಯಸುವುದಿಲ್ಲ. ಯಕ್ಷಗಾನದಲ್ಲಿ ಈ ವಾದವನ್ನು ನಾವು ಹಿಂದೆಯೇ ಕಂಡಿದ್ದೇವೆ. ಡೇರೆ ಮೇಳಗಳ ಕಾಲದಲ್ಲಿ ಹೆಸರಾಂತ ವೇಷಧಾರಿಯೊಬ್ಬ ಒಂದು ಮೇಳ ಬಿಟ್ಟು ಇನ್ನೊಂದನ್ನು ಸೇರಿದರೆ ಟಿಕೆಟ್ಟಿನ ಸಾಲೂ ಅವನ ಬೆನ್ನಿಗೇ ಹೋಗುತ್ತಿತ್ತು. ಆತ ಸಂಬಳ ಹೆಚ್ಚು ಕೇಳಿದರೆ ಮಾತ್ರ ಕಲೆಗೆ ಅಪಚಾರವಾಯಿತೆಂಬ ಗುಲ್ಲು. ಡೇರೆ ತುಂಬಿದ ಹಣ ಯಜಮಾನನ ಪೆಟ್ಟಿಗೆಗೆ ಹೋಗುವಾಗ ಕೆಡದ ಕಲೆ, ಕಲಾವಿದನ ಕೈಗೆ ಬರುವಾಗ ಕೆಡುವುದು ಹೇಗೆ? ಪ್ರೀತಿಗಾಗಿ ಆಡು ಎಂಬ ಉಪದೇಶ ಆಟಗಾರನಿಗೆ ಮಾತ್ರ ಮೀಸಲಾಗಿ, ಟಿಕೆಟ್ ಮಾರುವವನಿಗೆ, ಜಾಹೀರಾತು ಮಾರುವವನಿಗೆ ಅನ್ವಯಿಸದಿದ್ದರೆ ಅದನ್ನು ಉಪದೇಶವೆನ್ನಲಾಗದು. ಅದು ಪುಕ್ಕಟೆ ದುಡಿಸಿಕೊಳ್ಳುವ ಉಪಾಯ.

ಎರಡನೆಯ ಆಕ್ಷೇಪ ಅನುಭವದ ಮಾತು, ಅದಕ್ಕೆ ಗೌರವ ಸಲ್ಲಬೇಕು. ಹಿಂದೆ ಕಬಡ್ಡಿ ಆಟಗಾರನಿಗೆ ಕೋಟಿ ಸಿಗುತ್ತಿರಲಿಲ್ಲ, ಕೆಲಸ ಸಿಗುತ್ತಿತ್ತು. ಮುಂಬಯಿಯ ಬ್ಯಾಂಕುಗಳು, ರೈಲ್ವೆ, ತೈಲ ಕಂಪನಿಗಳು, ಬಂದರು, ದೊಡ್ಡ ಕಾರ್ಖಾನೆಗಳು ತಮ್ಮದೇ ತಂಡಗಳನ್ನು ಕಟ್ಟಿದ್ದವು. ಚೆನ್ನಾಗಿ ಆಡಿದವನಿಗೆ ಗುಮಾಸ್ತಗಿರಿ, ಪ್ರಾವಿಡೆಂಟ್ ಫಂಡ್, ನಿವೃತ್ತಿಯವರೆಗೆ ಅನ್ನ. ಮಂಡಿ ಮುರಿದರೂ ಮೇಜು ಕಾಯುತ್ತಿತ್ತು. ಈ ವ್ಯವಸ್ಥೆ ಎಷ್ಟೋ ಬಡ ಮನೆಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಅದು ಇಂದು ಎಷ್ಟು ಉಳಿದಿದೆ? ಕುರ್ಲಾದ ಸ್ವದೇಶಿ ಮಿಲ್ಲಿನ ಭೋಂಗಾ ನಿಂತುಹೋಗಿದೆ. ಪ್ರೀಮಿಯರ್ ಪದ್ಮಿನಿ ಕಾರು ತಯಾರಿಸುತ್ತಿದ್ದ ಕುರ್ಲಾದ ಕಾರ್ಖಾನೆ ಮುಚ್ಚಿದೆ. ಬ್ಯಾಂಕುಗಳು ಒಂದರೊಳಗೊಂದು ವಿಲೀನವಾಗಿವೆ. ಕೆಲಸ ಕೊಡುವ ಬಾಗಿಲುಗಳು ಒಂದೊಂದಾಗಿ ಕಿರಿದಾಗುತ್ತಿರುವಾಗ ಹಳೆಯ ಭದ್ರತೆಯನ್ನು ತೋರಿಸಿ ಹೊಸ ಗಳಿಕೆಯನ್ನು ಹಳಿಯುವುದು ಆಟಗಾರನಿಗೆ ಎರಡೂ ಬೇಡ ಎಂದಂತೆ. ಮೂವತ್ತು ವರ್ಷ ಹಂಚಿ ಸಿಗುತ್ತಿದ್ದ ಸಂಬಳ ಈಗ ನಾಲ್ಕೈದು ವರ್ಷಗಳಲ್ಲಿ ಒಟ್ಟಿಗೆ ಬರುತ್ತಿದೆ. ಅದೂ ಕೆಲವರಿಗೆ ಮಾತ್ರ.

ಆ ನಾಲ್ಕೈದು ವರ್ಷಗಳಾದರೂ ಎಂಥವು? ಪರ್ದೀಪ್ ನರ್ವಾಲ್ ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು, 1,800ಕ್ಕೂ ಮೀರಿದ ರೇಡ್ ಅಂಕ ಗಳಿಸಿದವರು. 2021ರಲ್ಲಿ ಅವರ ಬೆಲೆ 1 ಕೋಟಿ 65 ಲಕ್ಷ. 2024ರಲ್ಲಿ 70 ಲಕ್ಷ. 2025ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತರಾದರು. ಆಗ ವಯಸ್ಸು 28. ಬೆಂಗಳೂರು ಬುಲ್ಸ್ ತಂಡಕ್ಕೆ ಮುಂಬಯಿಯಲ್ಲಿ ಮೊದಲ ಪ್ರಶಸ್ತಿ ಗೆದ್ದುಕೊಟ್ಟ ಪವನ್ ಸೆಹ್ರಾವತ್ ಅವರನ್ನು 2022ರಲ್ಲಿ ತಮಿಳ್ ತಲೈವಾಸ್ ತಂಡ 2 ಕೋಟಿ 26.5 ಲಕ್ಷಕ್ಕೆ ಕೊಂಡಿತು. ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯದ ಮೊದಲ ಕೆಲವು ನಿಮಿಷಗಳಲ್ಲೇ ಮಂಡಿಗೆ ಪೆಟ್ಟಾಯಿತು, ಆ ಆವೃತ್ತಿ ಅಲ್ಲಿಗೇ ಮುಗಿಯಿತು. ಮರುವರ್ಷ ತೆಲುಗು ಟೈಟಾನ್ಸ್ 2 ಕೋಟಿ 60.5 ಲಕ್ಷ ಕೊಟ್ಟಿತು. 2025ರಲ್ಲಿ ಅವರ ಬೆಲೆ 59.5 ಲಕ್ಷ. ಎರಡು ವರ್ಷಗಳಲ್ಲಿ ನಾಲ್ಕನೆಯ ಒಂದು ಪಾಲಿಗೂ ಕಡಿಮೆ. ಯಾವ ಗುಮಾಸ್ತನ, ಯಾವ ಹೋಟೆಲ್ ಮಾಲಿಕನ, ಯಾವ ಪ್ರಾಧ್ಯಾಪಕನ ಗಳಿಕೆ ಹೀಗೆ ಪಾತಾಳಕ್ಕೆ ಜಾರುತ್ತದೆ? ಏಳು ಜನ ಕಾಲಿಗೆ, ಸೊಂಟಕ್ಕೆ, ಕೈಗೆ ಎರಗಿ ಬೀಳುವಾಗ ಮಂಡಿಯ ಒಂದು ಎಳೆಯ ಮೇಲೆ ನಿಂತಿರುವ ಬದುಕಿಗೆ ಇಷ್ಟು ಬೆಲೆ ಕಟ್ಟುವುದು ದುಂದೆಂದು ನಮಗೆ ಅನ್ನಿಸುವುದಿಲ್ಲ.

ಮೂರನೆಯ ಆಕ್ಷೇಪವೇ ನಿಜವಾಗಿ ತೂಕದ್ದು. ಕಬಡ್ಡಿ ಏಳು ಜನರ ಆಟ, ಒಬ್ಬನಿಗೆ ಸುರಿದರೆ ತಂಡ ಗೆಲ್ಲುವುದಿಲ್ಲ ಎಂಬುದು. ಇದಕ್ಕೆ ಪುರಾವೆ ಉಂಟು. ಪವನ್ ಇಲ್ಲದ ತಮಿಳ್ ತಲೈವಾಸ್ ಅದೇ ಆವೃತ್ತಿಯಲ್ಲಿ ಸೆಮಿಫೈನಲ್ ತಲುಪಿತು. ಹೆಸರೇ ಕೇಳಿರದ ಹೊಸ ಹುಡುಗ ನರೇಂದರ್ 240ಕ್ಕೂ ಹೆಚ್ಚು ರೇಡ್ ಅಂಕ ತಂದರು. ಪವನ್ ಇದ್ದ ತೆಲುಗು ಟೈಟಾನ್ಸ್ ಮರುವರ್ಷ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು. ಅಲ್ಲಿಗೆ ತೀರ್ಪಾಯಿತು ಎಂದು ಎದುರುವಾದಿಗಳು ಎದ್ದು ಹೋಗಬಹುದು. ಅವರನ್ನು ಇನ್ನೊಂದು ಗಳಿಗೆ ಕೂರಲು ಕೋರುತ್ತೇವೆ.

ಟೈಟಾನ್ಸ್ ಏಕೆ ಸೋತಿತು? ಪವನ್ ಆಡಲಿಲ್ಲವೆಂದಲ್ಲ, ಇನ್ನೂರಕ್ಕೂ ಹೆಚ್ಚು ಅಂಕ ತಂದರು. ಸಮಸ್ಯೆ ಥೈಲಿಯದು. ಆ ವರ್ಷ ಪ್ರತಿ ತಂಡ ಆಟಗಾರರಿಗೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ 5 ಕೋಟಿ. ಒಬ್ಬರಿಗೆ 2 ಕೋಟಿ 60.5 ಲಕ್ಷ ಹೋದ ಮೇಲೆ ಉಳಿದ ಇಡೀ ತಂಡಕ್ಕೆ 2 ಕೋಟಿ 39.5 ಲಕ್ಷ. ಐಪಿಎಲ್‌ನಲ್ಲಿ ಪಂತ್ ಅವರ 27 ಕೋಟಿ 120 ಕೋಟಿಯ ಥೈಲಿಯಿಂದ ಹೋಯಿತು, ಅಂದರೆ ಕಾಲು ಭಾಗಕ್ಕೂ ಕಡಿಮೆ. ಕಬಡ್ಡಿಯಲ್ಲಿ ತಾರೆಗೆ ಕೊಟ್ಟದ್ದು ಅರ್ಧಕ್ಕಿಂತ ಹೆಚ್ಚು. ಮಡಕೆ ಚಿಕ್ಕದಾದರೆ ದೊಡ್ಡ ಸೌಟಿನಲ್ಲಿ ಬಡಿಸಿಕೊಂಡವನ ಮೇಲೆ ಪಂಕ್ತಿಯವರೆಲ್ಲ ಸಿಟ್ಟಾಗುತ್ತಾರೆ. ಮಡಕೆಯ ಅಳತೆಯನ್ನು ನಿಗದಿಮಾಡಿದವನು ಮಾತ್ರ ಪಂಕ್ತಿಯಲ್ಲಿ ಕಾಣುವುದೇ ಇಲ್ಲ. ತಾರೆಯ ಪ್ರತಿಯೊಂದು ರೂಪಾಯಿಯೂ ಜೊತೆಯಾಟಗಾರನ ಬಟ್ಟಲಿನಿಂದಲೇ ಬರುವಂತೆ ನಿಯಮ ಮಾಡಿ, ಬಳಿಕ ತಾರೆಯನ್ನು ದುರಾಸೆಯವನೆಂದು ಕರೆಯುವುದು ನ್ಯಾಯವಲ್ಲ. ನರೇಂದರ್ ಅವರ ಸಾಧನೆ ಪವನ್ ಅವರಿಗೆ ಹೆಚ್ಚು ಕೊಟ್ಟರೆಂದು ಸಾಬೀತುಪಡಿಸುವುದಿಲ್ಲ. ನರೇಂದರ್ ಅಂಥವರಿಗೆ ಕಡಿಮೆ ಕೊಟ್ಟರೆಂದು ಸಾಬೀತುಪಡಿಸುತ್ತದೆ.

ಮಡಕೆ ಏಕೆ ಚಿಕ್ಕದು? 2021ರಲ್ಲಿ ಲೀಗಿನ ಐದು ಆವೃತ್ತಿಗಳ ಪ್ರಸಾರ ಹಕ್ಕನ್ನು ಸ್ಟಾರ್ ಇಂಡಿಯಾ ಸುಮಾರು 908 ಕೋಟಿ ರೂಪಾಯಿಗೆ ಪಡೆಯಿತು. ಆವೃತ್ತಿಯೊಂದಕ್ಕೆ 181 ಕೋಟಿಗೂ ಹೆಚ್ಚು. ಆ ವರ್ಷ 12 ತಂಡಗಳ ಥೈಲಿ ತಲಾ 4 ಕೋಟಿ 40 ಲಕ್ಷ. ಎಲ್ಲ ತಂಡಗಳೂ ಪೂರ್ತಿ ಖರ್ಚು ಮಾಡಿದರೂ ಒಟ್ಟು 52 ಕೋಟಿ 80 ಲಕ್ಷ. ಪ್ರಸಾರದ ಹಣವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಪ್ರಾಯೋಜಕರ ಹಣ, ಟಿಕೆಟ್ಟಿನ ಹಣ ಇದರಲ್ಲಿ ಸೇರಿಲ್ಲ. ಇನ್ನೊಂದು ಸಂಗತಿ: ಲೀಗನ್ನು ನಡೆಸುವ ಮಶಾಲ್ ಸ್ಪೋರ್ಟ್ಸ್ ಕಂಪನಿಯ ಶೇಕಡಾ 74 ಪಾಲನ್ನು 2015ರಲ್ಲಿ ಸ್ಟಾರ್ ಕೊಂಡಿತ್ತು. ಆಟವನ್ನು ಮಾರುವವನೂ ಕೊಳ್ಳುವವನೂ ಒಂದೇ ಮನೆಯವರು. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲಿನಲ್ಲಿ ಆಟಗಾರರ ಸಂಘ ಮಾಲಿಕರ ಎದುರು ಕುಳಿತು ಚೌಕಾಸಿ ಮಾಡಿ ಆದಾಯದ ಸುಮಾರು ಅರ್ಧವನ್ನು ಆಟಗಾರರಿಗೆ ಪಡೆದಿದೆ. ಅಲ್ಲಿಯೂ ಸಂಬಳಕ್ಕೆ ಮಿತಿಯುಂಟು. ಆದರೆ ಮಿತಿ ಆದಾಯದ ಜೊತೆಗೆ ಏರುತ್ತದೆ. ತಂಡಗಳಿಗೆ ಖರ್ಚು ಬಹಳ, ಲಾಭ ಇಲ್ಲ ಎಂದು ಮಾಲಿಕರು ಹೇಳುವುದಾದರೆ ಲೆಕ್ಕಪುಸ್ತಕವನ್ನು ಆಟಗಾರರ ಮುಂದೆ ಬಿಚ್ಚಿಡಲಿ. ಹರಾಜಿನಲ್ಲಿ ಆಟಗಾರನ ಬೆಲೆ ಊರಿಗೆಲ್ಲ ಕೇಳುವಂತೆ ಕೂಗುವವರು ತಮ್ಮ ಜಮಾಖರ್ಚನ್ನು ಪಿಸುಮಾತಿನಲ್ಲಾದರೂ ಹೇಳಬೇಕು.

ಕೋಟಿಯ ಬಗ್ಗೆ ಕೊರಗುವವರು ಯಾವತ್ತೂ ಕೇಳದ ಇನ್ನೊಂದು ಪ್ರಶ್ನೆಯಿದೆ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನೂರನೆಯ ಪದಕ ಯಾವುದು? ಮಹಿಳಾ ಕಬಡ್ಡಿಯ ಚಿನ್ನ. ಚೈನೀಸ್ ತೈಪೆ ವಿರುದ್ಧ 26-25, ಒಂದೇ ಅಂಕದ ಗೆಲುವು. ಆ ಹೆಣ್ಣುಮಕ್ಕಳಿಗೆ ಪ್ರೊ ಕಬಡ್ಡಿಯ ಹರಾಜಿನಲ್ಲಿ ಎಷ್ಟು ಸಿಕ್ಕಿತು? ಏನೂ ಇಲ್ಲ, ಏಕೆಂದರೆ ಅಲ್ಲಿ ಅವರಿಗೆ ಹರಾಜೇ ಇಲ್ಲ. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ಒಂದು ಬಾರಿ ನಡೆದು ನಿಂತುಹೋಯಿತು. ನಮ್ಮ ಕಾರ್ಕಳದ ಕಡೆಯ ಮಮತಾ ಪೂಜಾರಿ, ಕರ್ನಾಟಕದ ತೇಜಸ್ವಿನಿ ಬಾಯಿ ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು, ದೇಶಕ್ಕೆ ಚಿನ್ನ ತಂದವರು. ಅವರ ತಲೆಮಾರು ಅಂಗಳ ಬಿಡುವವರೆಗೂ ಕೋಟಿಯ ಮಾತು ಅವರ ಬಾಗಿಲಿಗೆ ಬರಲಿಲ್ಲ. ಒಬ್ಬ ಗಂಡಸಿಗೆ ಕೋಟಿ ಏಕೆ ಎಂದು ಕೇಳುವ ಬದಲು ಇವರಿಗೆ ಏಕಿಲ್ಲ ಎಂದು ಕೇಳಿದ್ದರೆ ಆ ಅಸಹನೆಗೆ ಒಂದು ಘನತೆಯಾದರೂ ಬರುತ್ತಿತ್ತು.

ಹೊರನಾಡಿನ ನಮ್ಮ ಸಂಘಗಳಿಗೂ ಒಂದು ಮಾತು. ಆಟಗಾರ ಹೆಸರು ಮಾಡಿದ ಮೇಲೆ ಅವನನ್ನು ವೇದಿಕೆಗೆ ಕರೆದು ಶಾಲು, ಹಾರ, ಪೇಟ ತೊಡಿಸಿ, ನಮ್ಮ ಜಾತಿಯವನು, ನಮ್ಮ ಊರಿನವನು ಎಂದು ಹೇಳಿಕೊಳ್ಳುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಸಂಘಗಳ ವಾರ್ಷಿಕ ಪಂದ್ಯಾಟಗಳಲ್ಲಿ ಆಡುವ ಹುಡುಗ ಭುಜ ಮುರಿದುಕೊಂಡರೆ ಆಸ್ಪತ್ರೆಯ ಬಿಲ್ಲು ಯಾರದು? ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಅಭ್ಯಾಸಕ್ಕೆ ಬರುವವನಿಗೆ ಆ ವಾರದ ಕೂಲಿ ಯಾರು ಕೊಡುತ್ತಾರೆ? ಅತಿಥಿಗಳ ಸನ್ಮಾನಕ್ಕೆ ಖರ್ಚಾಗುವ ಹಣದ ಒಂದು ಪಾಲು ಆಟಗಾರರ ವಿಮೆಗೆ ಹೋಗಲಿ. ಹೆಣ್ಣುಮಕ್ಕಳ ಪಂದ್ಯಕ್ಕೆ ಗಂಡುಮಕ್ಕಳಷ್ಟೇ ಬಹುಮಾನ ಇಡಲಿ. ಇದಕ್ಕೆ ಯಾವ ಫ್ರಾಂಚೈಸಿಯ ಅಪ್ಪಣೆಯೂ ಬೇಕಿಲ್ಲ. ಕಬಡ್ಡಿಗೆ ಬೆಲೆಯುಂಟೆಂದು ಮೊದಲು ನಾವು ಒಪ್ಪಿದರೆ ಮಾತ್ರ ಇತರರನ್ನು ಕೇಳುವ ಬಾಯಿ ನಮಗಿರುತ್ತದೆ.

ಆದ್ದರಿಂದ ಮುಂದಿನ ಹರಾಜಿನ ಮರುದಿನ ಯಾರಾದರೂ ಕಬಡ್ಡಿಗೆ ಕೋಟಿಯೇ ಎಂದು ಕೇಳಿದರೆ ನಾವು ಹೌದೆಂದೇ ಹೇಳೋಣ. ಜೊತೆಗೆ, ಆ ಕೋಟಿಯನ್ನು ಪಕ್ಕದಲ್ಲಿ ಕೈ ಹಿಡಿದು ಸರಪಳಿ ಕಟ್ಟುವ ಡಿಫೆಂಡರನ ಜೇಬಿನಿಂದ ಏಕೆ ತೆಗೆದಿರಿ ಎಂದು ಮಾಲಿಕರನ್ನು ಕೇಳೋಣ. ರೇಡರ್ ಮೂವತ್ತು ಸೆಕೆಂಡಿನೊಳಗೆ ಗೆರೆ ಮುಟ್ಟಿ ಲೆಕ್ಕ ಒಪ್ಪಿಸಬೇಕು. ಲೀಗ್ ನಡೆಸುವವರಿಗೆ ಹತ್ತು ವರ್ಷಕ್ಕೂ ಮೀರಿ ಸಮಯ ಸಿಕ್ಕಿದೆ.