ಬಿರುದುಗಳನ್ನು ಬಿಟ್ಟೋದುವವರಿಗೆ

ಹಳಗನ್ನಡ ಕಾವ್ಯಗಳನ್ನು ಹೊಸಗನ್ನಡಕ್ಕಿಳಿಸುವವರೂ ಪಠ್ಯಗಳಿಗೆ ಟಿಪ್ಪಣಿ ಬರೆಯುವವರೂ ಈಚೆಗೆ ಒಂದು ಸುಲಭಮಾರ್ಗವನ್ನು ಹಿಡಿದಿರುವರು. ಸಮಾಸರೂಪವಾದ ವಿಶೇಷಣವೊಂದು ಎದುರಾದೊಡನೆ ಅದನ್ನು ಬರಿಯ ಪಾದಪೂರಣವೆಂದು ಬಗೆದು, ‘ಮಹಾರಾಜನು’ ಎಂದೋ ‘ವೀರನು’ ಎಂದೋ ಬರೆದು ಮುಂದೆ ಸಾಗುವರು. ಇದು ಸರಳತೆಯಲ್ಲ, ಅರ್ಥಾಪಹಾರವೆಂಬುದೇ ನನ್ನ ಆಕ್ಷೇಪಣೆ.

ದಂಡಿಗನಹಳ್ಳಿಯಿರುವ ನಮ್ಮ ಚನ್ನರಾಯಪಟ್ಟಣದ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವೂ ಇರುವುದಷ್ಟೆ. ಹೊಯ್ಸಳರ ಶಾಸನಗಳನ್ನು ಓದಿದವರಿಗೆ ‘ತಳಕಾಡುಗೊಂಡ’ ಎಂಬ ಬಿರುದು ಅಪರಿಚಿತವಲ್ಲ. ತಳಕಾಡನ್ನು ಕೊಂಡವನೆಂದು ವಿಗ್ರಹ. ವಿಭಕ್ತಿಯು ಲೋಪವಾಗಿ ಕಕಾರಕ್ಕೆ ಗಕಾರವು ಬಂದಿದೆ. ವ್ಯಾಕರಣವು ಇಷ್ಟೆ. ಆದರೆ 1116ರ ಸುಮಾರಿನಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರಿಂದ ತಳಕಾಡನ್ನು ಗೆದ್ದ ವೃತ್ತಾಂತವೆಲ್ಲವೂ ಆ ಒಂದು ಪದದಲ್ಲಿ ಅಡಗಿದೆ. ಆ ದೊರೆಯು ತನ್ನ ಚಿನ್ನದ ನಾಣ್ಯದ ಮೇಲೆ ಹಾಕಿಸಿದ್ದೂ ಇದೇ ಬಿರುದನ್ನು. ಬೆರಳ ತುದಿಯಷ್ಟು ಚಿನ್ನದಲ್ಲಿ ಪಾದಪೂರಣಕ್ಕೆ ಸ್ಥಳವೆಲ್ಲಿ?

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಸಮಾಸದ ಮೇಲಣ ಮೋಹ ಸಹಜವೆಂದು ಕೆಲವರು ನಗಬಹುದು. ‘ತಳಕಾಡುಗೊಂಡ’ವಾದರೋ ಅಚ್ಚಗನ್ನಡದ ಮಾತು. ಅದರಲ್ಲಿ ಸಂಸ್ಕೃತದ ಭಾರವೇನೂ ಇಲ್ಲ. ತಳಕಾಡನ್ನು ತಾವು ಗೆಲ್ಲದ ಮುಂದಿನ ಅರಸರೂ ಈ ಬಿರುದನ್ನು ಹೊತ್ತರಲ್ಲಾ ಎಂದರೆ, ಹೊತ್ತದ್ದು ನಿಜ. ಅಲ್ಲಿ ಅದು ಪರಾಕ್ರಮವನ್ನಲ್ಲ, ವಂಶದ ಹಕ್ಕನ್ನು ಸಾರುತ್ತದೆ. ಅದೂ ಒಂದು ಅರ್ಥವೇ.

ಕಾವ್ಯಕ್ಕೆ ಬನ್ನಿರಿ. ಪಂಪನು 941ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದಲ್ಲಿ ಅರ್ಜುನನೇ ಅರಿಕೇಸರಿ. ಗುಣಾರ್ಣವ, ಸಾಮಂತಚೂಡಾಮಣಿ ಮೊದಲಾದ ಅರಿಕೇಸರಿಯ ಬಿರುದುಗಳಿಂದಲೇ ಕವಿಯು ಅರ್ಜುನನನ್ನು ಕರೆಯುತ್ತಾನೆ. ಟಿಪ್ಪಣಿಕಾರರು ಅವನ್ನೆಲ್ಲ ಅಳಿಸಿ ‘ಅರ್ಜುನನು’ ಎಂದು ಬರೆದರೆ ಉಳಿಯುವುದು ಭಾರತದ ಕಥೆ ಮಾತ್ರ. ಚಾಳುಕ್ಯ ದೊರೆಯು ಕಾವ್ಯದಿಂದಲೇ ಮಾಯವಾಗುತ್ತಾನೆ. ಇಬ್ಬರು ನಾಯಕರಲ್ಲಿ ಒಬ್ಬನನ್ನು ಕಳೆದ ಅನುವಾದವನ್ನು ಅನುವಾದವೆನ್ನಬಹುದೆ?

ಸಂಸ್ಕೃತ ಕನ್ನಡ ಪದಗಳನ್ನು ಬೆರಸಿದ ಸಮಾಸವನ್ನು ಅರಿಸಮಾಸವೆಂದು ದೂಷಿಸಿದ ಕೇಶಿರಾಜನು ಸಹ ಬಿರುದಾವಳಿಗಳಲ್ಲಿ ಅದಕ್ಕೆ ಎಡೆಗೊಟ್ಟನು. ಲಾಕ್ಷಣಿಕನು ನಿಯಮವನ್ನು ಸಡಿಲಿಸಿಯಾದರೂ ಉಳಿಸಿದುದನ್ನು ನಾವು ಬೇಸರಕ್ಕಾಗಿ ಬಿಸುಡುವುದು ತರವೆ?

ಕಾಲುಬಂದ ವಿಶೇಷಣಗಳೂ ಹಳೆಯ ಕಾವ್ಯಗಳಲ್ಲಿ ಇಲ್ಲದೆ ಇಲ್ಲ. ಅವನ್ನು ಬಿಡಲು ಮೊದಲು ಓದಿರಬೇಕು. ಈ ಅಪರಾಧದಲ್ಲಿ ನಾನೂ ಭಾಗಿ. ಪರೀಕ್ಷೆ ಹತ್ತಿರವಾದಾಗ, “ವಿಶೇಷಣಗಳಿರಲಿ, ಕ್ರಿಯಾಪದವನ್ನು ಹಿಡಿಯಿರಿ” ಎಂದು ಎಷ್ಟೋ ವರ್ಷ ಹುಡುಗರಿಗೆ ಹೇಳಿಕೊಟ್ಟೆನು. ಆ ಹುಡುಗರು ಇಂದು ಮಕ್ಕಳನ್ನು ಕರೆದುಕೊಂಡು ಬೆಳಗೊಳದ ಬೆಟ್ಟವನ್ನು ಹತ್ತುವರು. ಶಾಸನದ ಮುಂದೆ ಮಾತ್ರ ಮೂಕರಾಗಿ ನಿಲ್ಲುವರು. ಆ ಮೌನಕ್ಕೆ ಉತ್ತರ ಹೇಳಬೇಕಾದವರು ಉಪಾಧ್ಯಾಯರಾದ ನಾವು. ಇನ್ನು ಮುಂದಾದರೂ ಪ್ರತಿಯೊಂದು ಬಿರುದನ್ನೂ ಬಿಡಿಸಿ ಓದಿಸೋಣ.